ಅಜ್ಜಿ ಹೇಳಿದ ಆರು ತಿಂಗಳ ಲೆಕ್ಕ

ಬಿಳಿಗಿರಿರಂಗನ ಬೆಟ್ಟದ ಕಡೆ ಒಂದು ಸೋಲಿಗರ ಪೋಡಲ್ಲಿ (ಹಾಡಿಯಲ್ಲಿ) ಸಿಕಲ್ ಸೆಲ್ ಅನ್ನೋ, ಕೆಂಪು ರಕ್ತಕಣ ಕುಡುಗೋಲಿನ ಥರ ಬಾಗೋ ವಂಶಪಾರಂಪರ್ಯ ಕಾಯಿಲೆಯ ಸ್ಕ್ರೀನಿಂಗ್ ಕ್ಯಾಂಪ್‌ಗೆ ಹೋಗಿದ್ವಿ. ನಾನು ರಕ್ತದ ಕಾಯಿಲೆಗಳ ಡಾಕ್ಟ್ರು, ಅದೇ ಕಾಯಿಲೆಗಳ ಮೇಲೆ ಲ್ಯಾಬಲ್ಲೂ ಕೆಲಸ ಮಾಡ್ತೀನಿ. ಒಪಿಡಿ ಮುಗಿಸಿ ಲ್ಯಾಬಿಗೆ ಹೋಗೋ ಹೊತ್ತಿಗೆ ಅರ್ಧ ಪ್ರಾಣ ಹೋಗಿರುತ್ತೆ, ಆದ್ರೂ ಎರಡರಲ್ಲಿ ಒಂದನ್ನ ಬಿಡೋ ಮನಸ್ಸಾಗಲ್ಲ.

ಟೆಸ್ಟು ಸುಲಭ. ಬೆರಳು ಚುಚ್ಚಿ ಒಂಚೂರು ರಕ್ತನ ಟ್ಯೂಬಲ್ಲಿರೋ ದ್ರಾವಣಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಕಪ್ಪು ಗೆರೆ ಎಳೆದಿರೋ ಕಾಗದದ ಮುಂದೆ ಹಿಡೀಬೇಕು. ಗೆರೆ ಕಂಡ್ರೆ ಸರಿ, ದ್ರಾವಣ ಕದಡಿ ಗೆರೆ ಮುಚ್ಚಿಹೋದ್ರೆ ಅದರಲ್ಲಿ ಈ ಕಾಯಿಲೆ ತರೋ ಎಸ್ ಹಿಮೋಗ್ಲೋಬಿನ್ ಇದೆ ಅಂತ. ಅದು ಕಾಯಿಲೆನೋ ಬರೀ ವಾಹಕನೋ (ಜೀನ್ ಇದ್ರೂ ಕಾಯಿಲೆ ಇಲ್ಲದೋರು) ಅಂತ ಇದರಲ್ಲಿ ಗೊತ್ತಾಗಲ್ಲ, ಆಮೇಲೆ ಹಿಮೋಗ್ಲೋಬಿನ್ ಬಗೆಗಳನ್ನ ಬೇರೆ ಮಾಡಿ ಅಳೆಯೋ ಎಚ್‌ಪಿಎಲ್‌ಸಿ ಮಾಡ್ಲೇಬೇಕು.

ಒಬ್ಬ ಅಜ್ಜಿ ಮೊಮ್ಮಗನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಂದ್ರು. ಒಂದೂವರೆ ವರ್ಷದ ಮಗು, ಈಗಾಗ್ಲೇ ಕಾಯಿಲೆ ಇದೆ ಅಂತ ಗೊತ್ತಾಗಿದೆ, ಸೊಸೆ ಹಿಂದೆ ತಲೆ ತಗ್ಗಿಸಿ ನಿಂತಿದ್ಲು. "ಆರು ತಿಂಗ್ಳು ಗಂಟ ಚೆನ್ನಾಗೇ ಇತ್ತು ಕಣವ್ವ, ಆಮೇಲೆ ನೋಡು ಕೈಕಾಲೆಲ್ಲ ಊದ್ಕೊಂಡು ಒಂದೇ ಸಮ್ನೆ ಅಳಾದು. ಇವಳ ತವರುಮನೆ ರಕ್ತನೇ ಸರಿ ಇಲ್ಲ" ಅಂದ್ರು.

ಮೊದಲನೇ ಮಾತಿಗೇ ನನ್ನ ಪೆನ್ನು ನಿಂತೋಯ್ತು. ನ್ಯೂಯಾರ್ಕಲ್ಲಿ ಮಕ್ಕಳ ಡಾಕ್ಟ್ರಾಗಿದ್ದ ಜಾನೆಟ್ ವಾಟ್ಸನ್ 1948ರಲ್ಲಿ ಬರೆದಿದ್ದೂ ಇದನ್ನೇ: ಹುಟ್ಟಿದ ಹೊಸದರಲ್ಲಿ ಈ ಮಕ್ಕಳಿಗೆ ಏನೂ ಆಗಲ್ಲ, ಯಾಕಂದ್ರೆ ಹೊಟ್ಟೇಲಿದ್ದಾಗಿನ ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಕಾಯ್ತಾ ಇರುತ್ತೆ, ಅದು ಕಮ್ಮಿ ಆಗ್ತಾ ಎಸ್ ಜಾಸ್ತಿ ಆದಾಗ ನೋವು ಶುರು (ನಮ್ಮ ಟ್ಯೂಬ್ ಟೆಸ್ಟು ಎಳೆಗೂಸುಗಳಲ್ಲಿ ಕೈಕೊಡೋದೂ ಇದಕ್ಕೇ). ಹಾಗಾದ್ರೆ ಆ ಹಳೇ ಹಿಮೋಗ್ಲೋಬಿನ್‌ನ ಆಫ್ ಮಾಡೋರು ಯಾರು ಅಂತ ಹುಡುಕ್ತಾ ಹುಡುಕ್ತಾ 2008ರಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ತಂಡ ಬಿಸಿಎಲ್11ಎ ಅನ್ನೋ ಜೀನ್‌ನ ತೋರಿಸ್ತು, ಇಬ್ರೂ ಡಾಕ್ಟ್ರು ಕಮ್ ವಿಜ್ಞಾನಿಗಳೇ. ರಕ್ತ ತಯಾರಿಸೋ ಜೀವಕೋಶಗಳಲ್ಲಿ ಆ ಸ್ವಿಚ್ ಕೆಲಸ ಮಾಡದ ಹಾಗೆ, ಜೀನ್ ತಿದ್ದೋ ತಂತ್ರವಾದ ಕ್ರಿಸ್ಪರ್‌ನಲ್ಲಿ ಕತ್ತರಿಸೋ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಡ್ತು. ಆಗ ಅಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್. ಪೋಡಲ್ಲಿ ಕೂತ್ಕೊಂಡು ಆ ಲೆಕ್ಕ ಹಾಕೋಕೂ ಮುಜುಗರ.

ನಮ್ಮ ಕೈಯಲ್ಲಿರೋದು ಹೈಡ್ರಾಕ್ಸಿಯೂರಿಯಾ ಅನ್ನೋ ಔಷಧಿ. ಅದೂ ಭ್ರೂಣದ ಹಿಮೋಗ್ಲೋಬಿನ್‌ನೇ ಜಾಸ್ತಿ ಮಾಡುತ್ತೆ, ದುಬಾರಿ ಅಲ್ಲ, ಆದ್ರೆ ಆಗಾಗ ರಕ್ತದ ಕೌಂಟ್ ನೋಡ್ತಿರಬೇಕು. ಅಂದ್ರೆ ಅವರು ಬೆಟ್ಟ ಇಳಿದು ಬರಬೇಕು, ಬಸ್ ಇರಬೇಕು, ಆ ದಿನದ ಕೂಲಿ ಬಿಡಬೇಕು. ಪೇಪರ್ ಬರೆಯೋವಾಗ ಇದಕ್ಕೆಲ್ಲ ಕಾಲಂ ಇರಲ್ಲ.

ಅಜ್ಜಿಯ ಎರಡನೇ ಮಾತಿಗೆ ಉತ್ತರ ಕೊಡೋದು ಬಾಕಿ ಇತ್ತು. ಅವರ ಮಗನ್ನ, ಅಂದ್ರೆ ಮಗುವಿನ ಅಪ್ಪನ್ನ, ಕರೆಸಿ ಬೆರಳು ಚುಚ್ಚಿ ಟ್ಯೂಬ್‌ನ ಅವರ ಕೈಗೇ ಕೊಟ್ಟೆ. "ಗೆರೆ ಕಾಣುತ್ತಾ ಅಜ್ಜಿ?" "ಇಲ್ಲ ಕಣವ್ವ." ಅಪ್ಪ ಅಮ್ಮ ಇಬ್ರಿಂದಲೂ ಬಂದ್ರೇನೇ ಮಗುಗೆ ಈ ಕಾಯಿಲೆ, ಒಬ್ಬರಿಂದ ಮಾತ್ರ ಬಂದ್ರೆ ವಾಹಕ ಅಷ್ಟೇ, ಅವರಿಗೆ ಸಾಮಾನ್ಯವಾಗಿ ಏನೂ ತೊಂದ್ರೆ ಇಲ್ಲ, ನಿಮ್ಮ ಮಗನಿಗೂ ನಿಮ್ಮಿಂದಲೋ ತಾತನಿಂದಲೋ ಬಂದಿರುತ್ತೆ ಅಂತ ಬಿಡಿಸಿ ಹೇಳ್ದೆ. ಸೊಸೆ ಆಗ ಮೊದಲ ಸಲ ತಲೆ ಎತ್ತಿದ್ಲು.

ಅಜ್ಜಿ ಸೊಸೆಗೇನೂ ಹೇಳ್ಲಿಲ್ಲ, ಹೇಳಬೇಕಿತ್ತು ಅನ್ಸುತ್ತೆ ನಂಗೆ. ಆಚೆ ತಿರುಗಿ ಚಿಕ್ಕ ಮಗನ್ನ ಜೋರಾಗಿ ಕೂಗಿದ್ರು: "ಇವನ್ಗೆ ಹೆಣ್ಣು ನೋಡ್ತಾವ್ರೆ, ಇವನ್ಗೂ ಈಗ್ಲೇ ಚುಚ್ಬಿಡು ಡಾಕ್ಟ್ರಮ್ಮ, ಆ ಹೆಣ್ಗೂ ಹೇಳಿ ಕಳಿಸ್ತೀನಿ."