ಹಾಬ್ಸ್‌ನ ಪಟ್ಟೆಗಳು: ಕುಂಚದ ಅಭ್ಯಾಸ ಎಲ್ಲಿಗೆ ಬಂತು

ಆರಿದ್ರಾ ಮಳೆ ಹಿಡಿದ ಮೇಲೆ ಕೆಲಸ ನಿಧಾನವಾಗಿದೆ. ತೀರ್ಥಹಳ್ಳಿಯ ಈ ಥಂಡಿಯಲ್ಲಿ ಇಂಡಿಯನ್ ಇಂಕ್ ಬೇಗ ಒಣಗುವುದಿಲ್ಲ, ಅಂಗೈ ತಾಗಿದರೆ ಗೆರೆ ಹರಡುತ್ತದೆ. ಬಚ್ಚಲೊಲೆಯ ಹತ್ತಿರ ಕಾಗದ ಬೆಚ್ಚಗೆ ಮಾಡಿಕೊಂಡೇ ಕೂರುತ್ತೇನೆ. ಅಮೆರಿಕದ ವ್ಯಂಗ್ಯಚಿತ್ರಕಾರ ಬಿಲ್ ವಾಟರ್‌ಸನ್ ಅವರ ಪತ್ರಿಕಾ ಚಿತ್ರಮಾಲೆ ‘ಕ್ಯಾಲ್ವಿನ್ ಆ್ಯಂಡ್ ಹಾಬ್ಸ್’ನ ಭಾನುವಾರದ ಪುಟಗಳನ್ನು ನೋಡಿ ಬಿಡಿಸುವ ಅಭ್ಯಾಸ ಮಾತ್ರ ನಿಂತಿಲ್ಲ.

ಈ ವಾರವೆಲ್ಲ ಹಾಬ್ಸ್‌ಗೇ ಹೋಯಿತು. ಪುಟ್ಟ ಹುಡುಗ ಕ್ಯಾಲ್ವಿನ್ ಜೊತೆಗಿರುವಾಗ ಹಾಬ್ಸ್ ಎತ್ತರದ, ಬಳುಕುವ, ಮಾತಾಡುವ ಹುಲಿ. ಹುಡುಗನ ಅಮ್ಮ ಬಂದ ಚೌಕಟ್ಟಿನಲ್ಲಿ ಬಟ್ಟೆಯ ಗೊಂಬೆ. ಒಂದು ಇನ್ನೊಂದಾಗುವ ಗಳಿಗೆಯನ್ನು ವಾಟರ್‌ಸನ್ ಬಿಡಿಸುವುದಿಲ್ಲ. ಗೊಂಬೆಯ ಪಟ್ಟೆಗಳು ಸುಮ್ಮನೆ ಕೂತಿರುತ್ತವೆ. ಹುಲಿಯ ಪಟ್ಟೆಗಳು ಬೆನ್ನು ಬಾಗಿದ ಕಡೆಗೇ ಬಾಗುತ್ತವೆ, ಒಂದೇ ಉಸಿರಿನಲ್ಲಿ ದಪ್ಪದಿಂದ ಸಣ್ಣಗಾಗುತ್ತವೆ. ಎರಡೂ ಅಷ್ಟೇ ನಿಜ. ಅವರು ಹಾಬ್ಸ್ ಗೊಂಬೆಗಳ ಮಾರಾಟಕ್ಕೆ ಒಪ್ಪದೆ ವರ್ಷಗಟ್ಟಲೆ ಚಿತ್ರಗಳನ್ನು ಪತ್ರಿಕೆಗಳಿಗೆ ಹಂಚುವ ತಮ್ಮ ಸಿಂಡಿಕೇಟ್ ಸಂಸ್ಥೆಯ ಜೊತೆ ಹೋರಾಡಿದ್ದು ಏಕೆಂದು ಈ ಗೆರೆಗಳನ್ನು ಎಳೆಯುವಾಗ ನನಗೆ ಮನದಟ್ಟಾಯಿತು. ಅಂಗಡಿಯಲ್ಲಿ ಗೊಂಬೆ ಸಿಗುವಂತಾದರೆ ಹಾಬ್ಸ್ ಏನು ಎಂಬುದನ್ನು ಕಾರ್ಖಾನೆಯೇ ತೀರ್ಮಾನಿಸಿಬಿಡುತ್ತದೆ. ಆಮೇಲೆ ಈ ಚೌಕಟ್ಟುಗಳಿಗೆ ಜೀವವೆಲ್ಲಿ?

ಪುಟದ ಜೋಡಣೆಯನ್ನೂ ನೋಡುತ್ತಿದ್ದೇನೆ. ಮೊದಲು ಜಾಗ ಉಳಿಸಲು ಪತ್ರಿಕೆಗಳು ಮೇಲಿನ ಸಾಲನ್ನೇ ಕಿತ್ತುಹಾಕಬಹುದಿತ್ತು. ಹಾಗಾಗಿ ಅಲ್ಲಿ ಕಥೆಗೆ ಬೇಕಾದ್ದೇನನ್ನೂ ಇಡುವಂತಿರಲಿಲ್ಲ, ಚೌಕಟ್ಟುಗಳೂ ಗೊತ್ತಾದ ಕಡೆಯೇ ಮುರಿಯಬೇಕಿತ್ತು. 1991ರಲ್ಲಿ ವಾಟರ್‌ಸನ್ ತೆಗೆದುಕೊಂಡ ಬಿಡುವಿನ ನಂತರ, 1992ರ ಫೆಬ್ರುವರಿಯಿಂದ, ಯಾರೂ ಕತ್ತರಿಸಲಾಗದ ಅರ್ಧ ಪುಟವನ್ನು ಅವರು ಪಡೆದರು. ಕ್ಯಾಲ್ವಿನ್ ಕಲ್ಪಿಸಿಕೊಳ್ಳುವ ಡೈನೋಸಾರ್‌ಗಳು ಮೈಚಾಚಿದ್ದು ಆಗ! ಗೊರಬು ಹೊದ್ದ ಹುಡುಗಿ ಅಡಿಕೆ ತೋಟದ ಇಳಿಜಾರಿನಲ್ಲಿ ಓಡುವ ನನ್ನದೇ ಪುಟವನ್ನು ಎರಡೂ ಕ್ರಮದಲ್ಲಿ ಹಾಕಿ ನೋಡಿದೆ. ಹಳೆಯದರಲ್ಲಿ ಮಳೆ ತುಂಡುತುಂಡಾಗುತ್ತದೆ. ನಮ್ಮ ಮಳೆಗೆ, ಅಡಿಕೆ ಮರಕ್ಕೆ ಎತ್ತರ ಬೇಕು. ಇಡೀ ಪುಟದುದ್ದದ ಒಂದು ಚೌಕಟ್ಟನ್ನೇ ಇಟ್ಟುಕೊಂಡಿದ್ದೇನೆ.

1985ರ ನವೆಂಬರ್ 18ರಂದು ಶುರುವಾದ ಈ ಚಿತ್ರಮಾಲೆಯನ್ನು ವಾಟರ್‌ಸನ್ 1995ರ ಡಿಸೆಂಬರ್ 31ಕ್ಕೆ ತಾವೇ ನಿಲ್ಲಿಸಿದರು. ಆಗ ಅದು 2,400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಬರುತ್ತಿತ್ತು. ಇಷ್ಟು ಬೇಡಿಕೆಯಿರುವಾಗ ನಿಲ್ಲಿಸುವ ಧೈರ್ಯವನ್ನು ನಾನು ಬಹಳ ಗೌರವಿಸುತ್ತೇನೆ. ಮುಂದೆ ಬಿಡಿಸಬೇಕಿರುವುದು ಆ ಕೊನೆಯ ಹಿಮದ ಪುಟ. ಬಿಳಿಯನ್ನು ಎಷ್ಟು ಬಿಡಬೇಕೆಂಬುದು ಅಲ್ಲಿ ತಿಳಿದರೆ ಆಗುಂಬೆಯ ಮಂಜು ಬಿಡಿಸಲು ಕೈಹಾಕಬಹುದು. ಅದಕ್ಕೆ ಮೊದಲು ಹೊಸ ಕುಂಚ ತರಬೇಕು, ಈಗಿನದರ ತುದಿ ಕವಲೊಡೆದಿದೆ.