ಇಕಾಲುಯಿಟ್‌ನಲ್ಲಿ ಒಂದು ಸೀಲ್ ಚರ್ಮ

ಇಕಾಲುಯಿಟ್‌ಗೆ ಹೋಗಿ ಅಮೆರಿಕಕ್ಕೆ ವಾಪಸ್ ಬರುವವರು ಸೀಲ್ ಎಂಬ ಕಡಲ ಪ್ರಾಣಿಯ ಚರ್ಮದ್ದೇನೂ ಕೊಳ್ಳಬೇಡಿ. ಕೀಚೈನ್ ಕೂಡ ಬೇಡ. 1972ರ ಸಾಗರ ಸಸ್ತನಿಗಳ ರಕ್ಷಣಾ ಕಾಯ್ದೆ ಅದನ್ನು ಒಳಗೆ ಬಿಡುವುದಿಲ್ಲ. ನನಗಿದು ಗೊತ್ತಾದದ್ದು ಕಸ್ಟಮ್ಸ್ ಮೇಜಿನ ಮುಂದೆ. ಬ್ಯಾಗ್ ಪೂರ್ತಿ ಬಿಚ್ಚಿಸಿದರು. ದನದ ಚರ್ಮದ ಬೆಲ್ಟು, ಪರ್ಸು ವಾಪಸ್ ಬಂದವು. ಹೆಂಡತಿಗೆಂದು ತಂದ ಗವಸು ಮಾತ್ರ ಅಲ್ಲೇ ಉಳಿಯಿತು. ಎಷ್ಟು ಕೊಟ್ಟಿದ್ದೆ ಅಂತ ಅವಳಿಗೆ ಇನ್ನೂ ಹೇಳಿಲ್ಲ.

ಇಕಾಲುಯಿಟ್ ಕೆನಡಾದ ನುನಾವುಟ್ ಪ್ರದೇಶದ ರಾಜಧಾನಿ. ಆಟವಾದಿಂದ ವಿಮಾನದಲ್ಲಿ ಮೂರು ಗಂಟೆ. ದಕ್ಷಿಣದಿಂದ ರಸ್ತೆಯೇ ಇಲ್ಲ. ನಾಲ್ಕು ದಿನದಲ್ಲಿ ಎರಡು ಹಿಮಗಾಳಿಗೆ ಹೋದವು. ಮ್ಯೂಸಿಯಂ ಚಿಕ್ಕದು, ಚೆನ್ನಾಗಿದೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ 'ಎಲ್ಲಿಗೂ ಹೋಗದ ರಸ್ತೆ' ಬರೀ ಬೋರ್ಡು. ಅಂಗಡಿಯಲ್ಲಿ ಎಲೆಕೋಸಿನ ಬೆಲೆ ನೋಡಿ ಸುಮ್ನೆ ವಾಪಸ್ ಇಟ್ಟೆ.

ಮೂರನೇ ದಿನ, ನಾನಿದ್ದ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಬಾಗಿಲ ಬಳಿ ರಟ್ಟು ಹಾಸಿಕೊಂಡು ಕೂತಿದ್ದರು. ಮುಂದೆ ಸೀಲ್ ಚರ್ಮ. ಕೈಯಲ್ಲಿ ಉಲು. ನಮ್ಮ ಈಳಿಗೆಯ ಅಲಗನ್ನು ಕಿತ್ತು, ಅರ್ಧಚಂದ್ರದ ಹಾಗೆ ಮಾಡಿ, ಮೇಲೊಂದು ಹಿಡಿ ಕೂರಿಸಿದರೆ ಅದೇ ಉಲು. ಕೊಬ್ಬು ಬಿಳಿಯ ಪಟ್ಟಿಯಾಗಿ ಸುರುಳಿ ಸುತ್ತಿ ಬೀಳುತ್ತಿತ್ತು, ಚರ್ಮಕ್ಕೆ ಒಂದು ಗೀರೂ ಇಲ್ಲ. ವಾಸನೆಗೆ ನನ್ನ ಹೊಟ್ಟೆ ತೊಳಸಿತು. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯವನು ನಾನು. ಆದರೂ ಕೂತೆ.

ಚರ್ಮ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಮೇಲೆ ಬಳೆ ಒತ್ತಿದ ಹಾಗೆ ಉಂಗುರಗಳು. ಇದು ನತ್ಸಿಕ್, ಅಂದರೆ ಉಂಗುರದ ಸೀಲು. ಮರಿಯಲ್ಲ, ಬೆಳೆದದ್ದು.

"ತಿನ್ನೋಕೆ ಬೇಟೆ ಸರಿ. ಚರ್ಮ ಮಾರೋದು ಯಾಕೆ?" ಅಂದೆ. ದೊಡ್ಡ ಪ್ರಶ್ನೆ ಕೇಳಿದೆ ಅಂದುಕೊಂಡಿದ್ದೆ.

ಅಜ್ಜಿ ಉಲುವಿನಿಂದಲೇ ಅಂಗಳದಲ್ಲಿದ್ದ ಸ್ನೋಮೊಬೈಲ್, ಹಿಮದ ಮೇಲೆ ಓಡುವ ಗಾಡಿ, ತೋರಿಸಿದರು. "ಅದು ಮಾಂಸ ಕುಡಿದು ಓಡುತ್ತಾ?"

ಮಾಂಸ ಹಂಚಿಕೊಳ್ಳುವುದಕ್ಕೆ. ದುಡ್ಡು ಹುಟ್ಟುತ್ತಿದ್ದದ್ದು ಚರ್ಮದಿಂದ. ಆ ದುಡ್ಡಿನಲ್ಲೇ ಪೆಟ್ರೋಲು, ಗುಂಡು, ಬಿಡಿಭಾಗ. 1983ರಲ್ಲಿ ಯುರೋಪಿನ ದೇಶಗಳು ನಿಷೇಧಿಸಿದ್ದು ಮರಿಗಳ ಚರ್ಮವನ್ನು. ಬೇಟೆ ವಿರೋಧಿಗಳ ಪೋಸ್ಟರುಗಳಲ್ಲಿ ಕಣ್ಣರಳಿಸಿ ನೋಡುತ್ತಿದ್ದ ಬಿಳಿ ಮರಿ ಹಾರ್ಪ್ ಎಂಬ ಬೇರೆ ಜಾತಿಯ ಸೀಲಿನದು. ಅದರ ದೊಡ್ಡ ಬೇಟೆ ನಡೆಯುತ್ತಿದ್ದದ್ದು ದೂರದ ನ್ಯೂಫೌಂಡ್‌ಲ್ಯಾಂಡ್ ಕಡೆ. ನತ್ಸಿಕ್ ಆ ಪಟ್ಟಿಯಲ್ಲೇ ಇರಲಿಲ್ಲ. ಆದರೆ ಅಂಗಡಿಗೆ ಬಂದವರು ಯಾವ ಸೀಲು ಅಂತ ಕೇಳುತ್ತಾರಾ? ಉತ್ತರದ ರೆಸೊಲ್ಯೂಟ್ ಎಂಬ ಪುಟ್ಟ ಊರಲ್ಲಿ ಚರ್ಮದ ಆದಾಯ 1982ರಲ್ಲಿ ಸುಮಾರು 54,000 ಡಾಲರ್ ಇದ್ದದ್ದು ಮರುವರ್ಷ 1,000ಕ್ಕೆ ಬಿತ್ತು.

2009ರಲ್ಲಿ ಯುರೋಪು ಎಲ್ಲಾ ಸೀಲ್ ವಸ್ತುಗಳಿಗೂ ಬಾಗಿಲು ಹಾಕಿತು. ಇಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರ ಬೇಟೆಯ ಚರ್ಮಕ್ಕೆ ವಿನಾಯಿತಿ ಇಟ್ಟಿತು. ವಿನಾಯಿತಿ ಬಗ್ಗೆ ಕೇಳಿದ್ದಕ್ಕೆ ಅಜ್ಜಿ ನಕ್ಕರು. "ಸಂತೆ ಮುಚ್ಚಿ, ನೀನು ಮಾತ್ರ ಅಂಗಡಿ ಇಟ್ಕೋ ಅಂದ ಹಾಗೆ."

ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ 2014ರಲ್ಲಿ, ವಿನಾಯಿತಿಯ ಜಾರಿಯಲ್ಲಿ ತಪ್ಪು ಕಂಡರೂ, ಸಾರ್ವಜನಿಕ ನೈತಿಕತೆಯ ಕಾರಣಕ್ಕೆ ನಿಷೇಧ ಹಾಕಬಹುದು ಅಂದಿತ್ತು. ಇದನ್ನು ನಾನು ಮೊದಲೇ ಓದಿದ್ದೆ, ಸರಿ ಅಂತಲೂ ಅನ್ನಿಸಿತ್ತು. ಅಜ್ಜಿಯ ಮುಂದೆ ಹೇಳಲು ಬಾಯಿ ಬರಲಿಲ್ಲ.

"ನಿನ್ನ ಮಗ ಬೇಟೆಗೆ ಹೋಗ್ತಾನಾ?" ಅಂತ ನನ್ನನ್ನೇ ಕೇಳಿದರು. ಇಲ್ಲ, ಕಂಪ್ಯೂಟರ್ ಕೆಲಸ ಅಂದೆ. ಅವರ ಮೊಮ್ಮಗನಿಗೂ ಕೆಲಸ ಇದೆಯಂತೆ, ಸಂಬಳ ಬರುತ್ತಂತೆ. ಅದಕ್ಕೇ ಬೇಟೆಗೆ ಹೋಗಲು ಆಗುತ್ತದೆ. ಕೆಲಸವಿಲ್ಲದವನಿಗೆ ದಿನಪೂರ್ತಿ ಬಿಡುವು, ಪೆಟ್ರೋಲಿಗೆ ದುಡ್ಡಿಲ್ಲ.

ಅಷ್ಟರಲ್ಲಿ ಪಕ್ಕದ ಮನೆ ಹುಡುಗನೊಬ್ಬ ಬ್ರೆಡ್ಡಿನ ಖಾಲಿ ಕವರ್ ಹಿಡಿದು ಬಂದ. ಅಜ್ಜಿ ಒಳಗಿಂದ ಪಕ್ಕೆಲುಬಿನ ತುಂಡೊಂದನ್ನು ತಂದು ಅದರಲ್ಲಿ ಹಾಕಿದರು. ಅವನು ಏನೂ ಹೇಳದೆ, ಏನೂ ಕೊಡದೆ ಓಡಿದ. ಅಜ್ಜಿ ಮತ್ತೆ ಉಲು ಕೈಗೆತ್ತಿಕೊಂಡರು.