ಬೋರ್ನೈಟ್ ಅಲ್ಲ, ರೆನಿಯರೈಟ್

ನನ್ನ ಹಳೆಯ ಲ್ಯಾಬ್ ನೋಟ್‌ಬುಕ್ಕಿನ ಒಂದು ಪುಟದಲ್ಲಿ ‘ಬೋರ್ನೈಟ್’ ಎಂದು ಬರೆದು, ಅದಕ್ಕೆ ಗೀಟು ಹೊಡೆದು, ಪಕ್ಕದಲ್ಲಿ ‘ರೆನಿಯರೈಟ್’ ಎಂದು ತಿದ್ದಿದ್ದೇನೆ. ಎರಡೂ ತಾಮ್ರದ ಖನಿಜಗಳ ಹೆಸರು. ಆ ಎರಡು ಪದಗಳ ನಡುವೆ ಒಂದು ವಾರವಿದೆ.

ಆ ತುಣುಕು ನಮೀಬಿಯಾದ ತ್ಸುಮೆಬ್ ಗಣಿಯದು. ಎರಡು ಸೆಂಟಿಮೀಟರ್ ಅಗಲದ ಅದಿರಿನ ಚೂರನ್ನು ಯಾರೋ ಎಂದೋ ರೆಸಿನ್‌ನಲ್ಲಿ ಕೂರಿಸಿ ಡ್ರಾಯರಿಗೆ ಹಾಕಿದ್ದರು. ಮೇಡಂ ಅದನ್ನು ನನ್ನ ಕೈಗಿತ್ತು, “ಮತ್ತೆ ಪಾಲಿಶ್ ಮಾಡು, ಏನೇನಿದೆ ಬರೆ” ಎಂದಷ್ಟೇ ಹೇಳಿದರು. ಬೆಳಿಗ್ಗೆಯಿಡೀ ಡೈಮಂಡ್ ಪೇಸ್ಟ್ ಹಚ್ಚಿ ಉಜ್ಜಿದೆ. ಗೀರುಗಳೆಲ್ಲ ಹೋದ ಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಬೆಳ್ಳಗೆ ಹೊಳೆಯುವ ಸೀಸದ ಅದಿರು ಗೆಲೀನಾ, ಅದರ ಮೈಮೇಲೆ ಪುಟ್ಟ ಪುಟ್ಟ ತ್ರಿಕೋನದ ಗುಳಿಗಳು. ಮಬ್ಬು ಬೂದು ಬಣ್ಣದ ಸತುವಿನ ಅದಿರು ಸ್ಫ್ಯಾಲರೈಟ್. ಅವುಗಳ ನಡುವೆ ನಸುಗೆಂಪು ಬೆರೆತ ಬೂದು ಬಣ್ಣದ ಒಂದು ಖನಿಜ, ಅದರ ಹೆಸರು ನನಗೆ ಹೊಳೆಯಲಿಲ್ಲ. ಅದರ ಅಂಚಿನುದ್ದಕ್ಕೂ ಕಿತ್ತಳೆ ಬಣ್ಣದ ಕಣಗಳು. ತಾಮ್ರದ ಅದಿರಿನಲ್ಲಿ ಕಿತ್ತಳೆ ಬಣ್ಣ ಕಂಡರೆ ಬೋರ್ನೈಟ್ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ನಾನೂ ಬರೆದೆ.

ಮೇಡಂ ಪುಟ ನೋಡಿದರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. “ಮುಚ್ಚಳ ಹಾಕದೆ ಮೇಜಿನ ಮೇಲೆ ಬಿಡಮ್ಮ. ಮುಂದಿನ ವಾರ ನೋಡೋಣ” ಎಂದರು.

ಬೋರ್ನೈಟಿಗೆ ಗಾಳಿ ತಗುಲಿದರೆ ಮೇಲ್ಮೈ ಬೇಗ ಬಣ್ಣಗೆಟ್ಟು ನೇರಳೆಗೆ ತಿರುಗುತ್ತದೆ. ವಾರದ ನಂತರ ನೋಡಿದಾಗ ಒಂದು ಮೂಲೆಯ ಎರಡೇ ಕಣಗಳು ನೇರಳೆಯಾಗಿದ್ದವು. ಉಳಿದವೆಲ್ಲ ಕಿತ್ತಳೆಯಾಗಿಯೇ ಕೂತಿದ್ದವು. ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸುವ ಪೋಲರೈಸರ್‌ಗಳನ್ನು ಅಡ್ಡಹಾಕಿ, ತುಣುಕಿಟ್ಟ ಸ್ಟೇಜ್ ತಿರುಗಿಸಿದೆ. ಆ ಕಿತ್ತಳೆ ಕಣಗಳು ಒಮ್ಮೆ ಬೆಳಗಿ ಒಮ್ಮೆ ಮಂಕಾದವು. ಪಕ್ಕದ ನಸುಗೆಂಪು ಖನಿಜ ಮಾತ್ರ ಎಷ್ಟು ತಿರುಗಿಸಿದರೂ ಕತ್ತಲಾಗಿಯೇ ಉಳಿಯಿತು. ಸೂಜಿಯಲ್ಲಿ ಒಂದಿಷ್ಟು ಕಿತ್ತಳೆ ಪುಡಿ ಕೆರೆದು ಅಯಸ್ಕಾಂತ ಹಿಡಿದಾಗ ಪುಡಿ ಅದಕ್ಕೆ ಅಂಟಿಕೊಂಡಿತು. ಬೋರ್ನೈಟ್ ಆಗಿದ್ದರೆ ಅಂಟುತ್ತಿರಲಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು.

ಅದೇ ಮಧ್ಯಾಹ್ನ ತುಣುಕನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹಾಕಿದೆವು. ಯಂತ್ರದೊಳಗಿನ ಗಾಳಿ ಖಾಲಿಯಾಗುವವರೆಗೆ ಮೇಡಂ ರಸಾಯನಶಾಸ್ತ್ರಜ್ಞ ವಿಂಕ್ಲರನ ಕತೆ ಹೇಳಿದರು. 1885ರಲ್ಲಿ ಜರ್ಮನಿಯ ಫ್ರೈಬರ್ಗ್ ಬಳಿಯ ಹಿಮ್ಮೆಲ್ಸ್‌ಫ್ಯೂರ್ಸ್ಟ್ ಗಣಿಯಲ್ಲಿ ಹೊಸದೊಂದು ಬೆಳ್ಳಿ ಖನಿಜ ಸಿಕ್ಕಿತು. ಖನಿಜಶಾಸ್ತ್ರಜ್ಞ ವೈಸ್‌ಬಾಖ್ ಅದಕ್ಕೆ ಆರ್ಜಿರೊಡೈಟ್ ಎಂದು ಹೆಸರಿಟ್ಟ. ಕ್ಲೆಮೆನ್ಸ್ ವಿಂಕ್ಲರ್ ವಿಶ್ಲೇಷಿಸಿದಾಗ ಬೆಳ್ಳಿ, ಗಂಧಕ, ಉಳಿದ ಚೂರುಪಾರು ಎಲ್ಲ ಕೂಡಿದರೂ ಲೆಕ್ಕ ಶೇ. 93ಕ್ಕೇ ನಿಲ್ಲುತ್ತಿತ್ತು. ಎಷ್ಟು ಸಲ ಮಾಡಿದರೂ ಶೇ. 7 ಕಾಣೆ. ಅವನು ಅದನ್ನು ತೂಕದ ತಪ್ಪು ಎಂದು ಬಿಟ್ಟುಬಿಡಲಿಲ್ಲ, ನನಗೆ ಅವನಲ್ಲಿ ಅತ್ಯಂತ ಇಷ್ಟವಾಗುವುದು ಇದೇ. ತಿಂಗಳುಗಟ್ಟಲೆ ಹುಡುಕಿ, ಕೊನೆಗೆ ದ್ರಾವಣಕ್ಕೆ ಧಾರಾಳವಾಗಿ ಆಮ್ಲ ಸುರಿದಾಗ ಬಿಳಿಯ ಸಲ್ಫೈಡ್ ತಳಕ್ಕಿಳಿಯಿತು. 1886ರ ಫೆಬ್ರವರಿ 6ರಂದು ಜರ್ಮೇನಿಯಮ್ ಎಂಬ ಹೊಸ ಧಾತು ಸಿಕ್ಕಿತು. 1871ರಲ್ಲಿ ಮೆಂಡಲೀವ್ ‘ಎಕಾಸಿಲಿಕಾನ್’ ಎಂದು ಹೆಸರಿಟ್ಟು, ಪರಮಾಣು ತೂಕ 72 ಇರಬೇಕೆಂದು ಊಹಿಸಿ, ಧಾತುಗಳ ಆವರ್ತ ಕೋಷ್ಟಕದಲ್ಲಿ ಖಾಲಿ ಬಿಟ್ಟಿದ್ದ ಮನೆ ಅದರದ್ದೇ.

ಅಷ್ಟರಲ್ಲಿ ಪರದೆಯ ಮೇಲೆ ಒಂದೊಂದು ಧಾತುವಿನ ಎಕ್ಸ್‌ರೇ ಶಿಖರಗಳು ಏಳತೊಡಗಿದವು. ಗಂಧಕ, ಕಬ್ಬಿಣ, 8.04 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ತಾಮ್ರದ ಎತ್ತರದ ಶಿಖರ, ಸ್ವಲ್ಪ ಸತು. ಅದರಾಚೆ 9.88 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ ಒಂದು ಗಿಡ್ಡ ಶಿಖರ ನಿಧಾನವಾಗಿ ತಲೆ ಎತ್ತಿತು. ಜರ್ಮೇನಿಯಮ್. ಲೆಕ್ಕ ಹಾಕಿದರೆ ಶೇ. 7ರ ಆಸುಪಾಸು. ಮೇಡಂ ಬಾಯಲ್ಲಿ ಆಗತಾನೇ ಕೇಳಿದ ಸಂಖ್ಯೆಯೇ ಇಲ್ಲಿ ಬಂದು ನಿಂತಾಗ ನನಗೆ ಮಾತು ಹೊರಡಲಿಲ್ಲ. ನಸುಗೆಂಪು ಖನಿಜದ ಮೇಲೆ ಕಿರಣ ಹಾಯಿಸಿದಾಗಲೂ ಅದೇ ಶಿಖರ. ಅದು ಜರ್ಮನೈಟ್, ಇದೇ ತ್ಸುಮೆಬ್‌ನ ಅದಿರಿನಿಂದ 1922ರಲ್ಲಿ ವಿವರಿಸಲಾದ ಖನಿಜ.

ಕಿತ್ತಳೆಯದಕ್ಕೆ ರೆನಿಯರೈಟ್ ಎಂಬ ಹೆಸರು ಬಂದದ್ದು 1948ರಲ್ಲಿ, ಕಾಂಗೋದ ಕಿಪುಷಿ ಗಣಿಯ ಅದಿರಿನಿಂದ. ಅದಕ್ಕೂ ಮುಂಚೆ ಅದನ್ನು ‘ಕಿತ್ತಳೆ ಬೋರ್ನೈಟ್’ ಎನ್ನುತ್ತಿದ್ದರಂತೆ. ಅದನ್ನು ಕೇಳಿ ನನ್ನ ತಪ್ಪಿನ ಭಾರ ಎಷ್ಟೋ ಇಳಿಯಿತು.

ಜರ್ಮೇನಿಯಮ್ ಭೂಮಿಯಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಭೂಕವಚದ ಒಂದು ಟನ್ ಕಲ್ಲಿನಲ್ಲಿ ಸರಾಸರಿ ಒಂದೂವರೆ ಗ್ರಾಂ ಇದೆ, ಬೆಳ್ಳಿಗಿಂತ ಎಷ್ಟೋ ಹೆಚ್ಚು. ಆದರೆ ಅದರ ಗುಣ ಸಿಲಿಕಾನಿನದಕ್ಕೆ ತೀರ ಹತ್ತಿರ. ಹಾಗಾಗಿ ಸಾಮಾನ್ಯ ಕಲ್ಲುಗಳಲ್ಲಿ ಸಿಲಿಕಾನಿನ ಜಾಗದಲ್ಲೇ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಸತುವಿನ ಅದಿರಾದ ಸ್ಫ್ಯಾಲರೈಟಿನೊಳಗೂ ಕಲ್ಲಿದ್ದಲಿನೊಳಗೂ ಚದುರಿಹೋಗುತ್ತದೆ. ಕಾರ್ಖಾನೆಗಳು ಅದನ್ನು ಪಡೆಯುವುದೂ ಸತು ಕರಗಿಸಿ ಉಳಿದ ಶೇಷದಿಂದ, ಕಲ್ಲಿದ್ದಲಿನ ಬೂದಿಯಿಂದ. ಗಂಧಕ, ತಾಮ್ರ, ಜರ್ಮೇನಿಯಮ್ ಮೂರನ್ನೂ ಹೊತ್ತ ಬಿಸಿನೀರು ಒಂದೆಡೆ ಒಟ್ಟುಗೂಡಿದಂಥ ಅಪರೂಪದ ಕಡೆ ಅದಕ್ಕೆ ಸ್ವಂತ ಹರಳು ಕಟ್ಟಿಕೊಳ್ಳುವ ಅವಕಾಶ. ತ್ಸುಮೆಬ್‌ನಲ್ಲಿ ಡಾಲೊಮೈಟ್ ಬಂಡೆಯನ್ನು ಕೊಳವೆಯಂತೆ ಕೊರೆದು ಆಳಕ್ಕಿಳಿದ ಅದಿರಿನಲ್ಲಿ ಹಾಗಾಯಿತು. ಅಲ್ಲಿ ಆಮ್ಲಜನಕ ಬೆರೆತ ನೀರು ಕೆಳಗಿನವರೆಗೂ ಇಳಿದು, ಈ ಸಲ್ಫೈಡುಗಳನ್ನು ಕೊಳೆಸಿ, ಸ್ಟಾಟೈಟ್ ಎಂಬ ಇನ್ನೊಂದು ಜರ್ಮೇನಿಯಮ್ ಖನಿಜವನ್ನೂ ಮಾಡಿತು. ಆ ಗಣಿ 1996ರಲ್ಲಿ ಮುಚ್ಚಿತು.

ಸಂಜೆ ಯಂತ್ರ ನಿಲ್ಲಿಸಿ ತುಣುಕನ್ನು ಹೊರತೆಗೆದೆವು. ಮೇಡಂ ಹೊಸ ಚೀಟಿ ಅಂಟಿಸಿ, “ನಿನ್ನ ಕೈಯಿಂದಲೇ ಬರಿ” ಎಂದು ಪೆನ್ನು ಕೊಟ್ಟರು. ತ್ಸುಮೆಬ್, ಜರ್ಮನೈಟ್, ರೆನಿಯರೈಟ್ ಎಂದು ಬರೆದೆ. ಆಮೇಲೆ, ನೇರಳೆಯಾಗಿದ್ದ ಆ ಎರಡು ಕಣಗಳು ನೆನಪಾಗಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬೋರ್ನೈಟ್ ಎಂದೂ ಸೇರಿಸಿದೆ.